ತಾಂಬೂಲದಿಂದ ಧಾರೆಯವರೆಗೆ

ಮದುವೆಯ ಮಾತು ಹುಟ್ಟಿತೆಂದರೆ ಮನೆಯ ಗಾಳಿಯೇ ಬೇರೆಯಾಗುವುದು. ಜಾತಕ ಕೂಡಿತು, ಹುಡುಗ ಹುಡುಗಿಯರು ಒಪ್ಪಿದರು, ಹಿರಿಯರು ಸಮ್ಮತಿಸಿದರು. ಶುಭದಿನವೊಂದರಲ್ಲಿ ನೆಂಟರಿಷ್ಟರ ಸಮಕ್ಷಮದಲ್ಲಿ ಲಗ್ನಪತ್ರಿಕೆಯನ್ನು ಓದಿ, ಎರಡು ಕಡೆಯವರೂ ಫಲತಾಂಬೂಲವನ್ನು ಬದಲಾಯಿಸಿಕೊಂಡುದೂ ಆಯಿತು. ಇದನ್ನೇ ನಮ್ಮ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನಿಶ್ಚಿತಾರ್ಥವೆಂದೂ ನಿಶ್ಚಯತಾಂಬೂಲವೆಂದೂ ವೀಳ್ಯಶಾಸ್ತ್ರವೆಂದೂ ಅವರವರ ವಾಡಿಕೆಯಂತೆ ಕರೆಯುವರು. ಅಂದಿನಿಂದ ಧಾರೆಯ ಮುಹೂರ್ತದವರೆಗೆ ಕೆಲವು ವಾರಗಳೋ ಕೆಲವು ತಿಂಗಳುಗಳೋ ಉಳಿಯುತ್ತವೆ. ಈ ನಡುವಣ ಕಾಲವು ಏತಕ್ಕಾಗಿ ಇದೆ ಎಂಬುದನ್ನು ತಮ್ಮೊಡನೆ ವಿಚಾರಮಾಡಬೇಕೆಂದು ನನ್ನ ಉದ್ದೇಶ.

ಛತ್ರವನ್ನು ಗೊತ್ತುಮಾಡುವುದಕ್ಕೆ, ಜವಳಿ ತೆಗೆಯುವುದಕ್ಕೆ, ಅಡುಗೆಯವರಿಗೂ ವಾಲಗದವರಿಗೂ ಹೇಳುವುದಕ್ಕೆ, ಕರೆಯೋಲೆಗಳನ್ನು ಹಂಚುವುದಕ್ಕೆ ಎಂದು ಯಾರಾದರೂ ಉತ್ತರ ಕೊಡಬಹುದು. ಆ ಉತ್ತರ ಸುಳ್ಳಲ್ಲ. ಆದರೆ ಅದು ಅರ್ಧ ಮಾತ್ರ. ಕೊಟ್ಟ ಮಾತನ್ನು ಶಾಂತಚಿತ್ತದಿಂದ ಇನ್ನೊಮ್ಮೆ ಪರಿಶೀಲಿಸುವುದಕ್ಕೂ ಇದೇ ಕಾಲವು ಮೀಸಲು.

ನಿಶ್ಚಿತಾರ್ಥಕ್ಕೆ ಶಾಸ್ತ್ರದಲ್ಲಿ ವಾಗ್ದಾನವೆಂದು ಹೆಸರು. ವಾಗ್ದಾನವೇ ವಿವಾಹವೆಂದು ಶಾಸ್ತ್ರಕಾರರು ಹೇಳಲಿಲ್ಲ. ಪಾಣಿಗ್ರಹಣದ ಮಂತ್ರಗಳು ಏಳನೆಯ ಹೆಜ್ಜೆಯಲ್ಲಿ ಪೂರ್ಣವಾಗುವುವೆಂದು ಮನುಸ್ಮೃತಿಯ ಮತ. ಯಾಜ್ಞವಲ್ಕ್ಯಸ್ಮೃತಿಯು ಕನ್ಯೆಯನ್ನು ಕೊಡುವೆನೆಂದು ಹೇಳಿ ತಪ್ಪುವವನನ್ನು ನಿಂದಿಸಿ, ಅವನಿಗೆ ದಂಡವನ್ನು ವಿಧಿಸಿ, ವರನ ಕಡೆಯವರು ಮಾಡಿದ ವೆಚ್ಚವನ್ನು ಬಡ್ಡಿಸಹಿತ ಹಿಂದಿರುಗಿಸಬೇಕೆನ್ನುತ್ತದೆ. ಆದರೆ ಅದೇ ಸ್ಮೃತಿಯು, ಹೆಚ್ಚು ಯೋಗ್ಯನಾದ ವರನು ದೊರೆತರೆ ಕೊಟ್ಟ ಮಾತನ್ನೂ ಹಿಂದಕ್ಕೆ ಪಡೆಯಬಹುದೆಂದು ದಾರಿ ಬಿಟ್ಟಿದೆ. ಮಾತಿಗೆ ಬೆಲೆಯುಂಟು, ತಪ್ಪಿದರೆ ನಷ್ಟವನ್ನು ತುಂಬಿಕೊಡಬೇಕು. ಆದರೆ ಆ ಮಾತಿಗಾಗಿ ಒಂದು ಜೀವವನ್ನೇ ತೆರಬೇಕಾಗಿಲ್ಲ ಎಂಬುದು ಇದರ ತಾತ್ಪರ್ಯ.

ಈಗಿನ ನ್ಯಾಯವೂ ಬಹುಮಟ್ಟಿಗೆ ಇದೇ ಜಾಡಿನಲ್ಲಿದೆ. 1955ರ ಹಿಂದೂ ವಿವಾಹ ಕಾನೂನಿನ ಪ್ರಕಾರ, ಸಪ್ತಪದಿಯು ಸೇರಿರುವ ಪದ್ಧತಿಯಲ್ಲಿ ಏಳನೆಯ ಹೆಜ್ಜೆಯನ್ನಿಟ್ಟಾಗಲೇ ಮದುವೆಯು ಪೂರ್ಣವಾಗುವುದು. ನಿಶ್ಚಿತಾರ್ಥವಾಯಿತೆಂಬ ಕಾರಣದಿಂದ ಯಾರನ್ನೂ ಬಲವಂತವಾಗಿ ಮದುವೆಯಾಗುವಂತೆ ನ್ಯಾಯಾಲಯವು ಆಜ್ಞಾಪಿಸಲಾರದು. ಉಂಟಾದ ನಷ್ಟಕ್ಕೆ ಪರಿಹಾರವನ್ನು ಕೇಳಬಹುದು, ಅಷ್ಟೆ.

ಹಿಂದೆ ಮಾತು ಕೊಡುತ್ತಿದ್ದವರು ತಂದೆತಾಯಿಗಳು. ಆ ಮಾತಿಗೆ ವಿಷಯವಾದ ಹುಡುಗಿಗೆ ಮಾತನಾಡುವ ವಯಸ್ಸೇ ಆಗಿರುತ್ತಿರಲಿಲ್ಲ. ಎಂಟು ವರ್ಷ ತುಂಬದ ಹೆಣ್ಣುಮಕ್ಕಳ ಮದುವೆಯನ್ನು ನಿಷೇಧಿಸುವುದಕ್ಕೇ ಮೈಸೂರು ಸಂಸ್ಥಾನದಲ್ಲಿ 1894ರಲ್ಲಿ ಒಂದು ಕಾನೂನು ಬೇಕಾಯಿತೆಂದರೆ ಆಗಿನ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. 1978ರ ತಿದ್ದುಪಡಿಯಿಂದ ವಧುವಿಗೆ 18, ವರನಿಗೆ 21 ವರ್ಷಗಳು ತುಂಬಿರಬೇಕೆಂದು ಗೊತ್ತಾಗಿದೆ. ಈಗ ಮಾತು ಕೊಡತಕ್ಕವರು ವಧೂವರರೇ. ಆದರೂ ಹಳೆಯ ಸಂಕೋಚವು ನಮ್ಮ ಮನೆಗಳನ್ನು ಇನ್ನೂ ಬಿಟ್ಟಿಲ್ಲ.

ಹೀಗೆ ಭಾವಿಸಿಕೊಳ್ಳೋಣ. ಉದ್ಯೋಗದಲ್ಲಿರುವ ಹುಡುಗಿಯೊಬ್ಬಳಿಗೆ ನಿಶ್ಚಯವಾಗಿದೆ. ಒಂದು ತಿಂಗಳಾದ ಮೇಲೆ, ಮದುವೆಯಾದೊಡನೆ ಅವಳು ಕೆಲಸವನ್ನು ಬಿಡಬೇಕೆಂಬುದು ಬೀಗರ ಇಚ್ಛೆಯೆಂದು ಮಾತಿನ ನಡುವೆ ಹೊರಬೀಳುತ್ತದೆ. ಅವಳು ತಂದೆಯ ಬಳಿ ಬಂದು, “ಅಪ್ಪ, ಇದನ್ನು ನನಗೆ ಯಾರೂ ಮೊದಲು ಹೇಳಿರಲಿಲ್ಲ” ಎನ್ನುತ್ತಾಳೆ. ತಂದೆ ಕೆಟ್ಟವರಲ್ಲ, ಮಗಳ ಸುಖವನ್ನೇ ಬಯಸುವವರು. ಆದರೆ ಅವರ ಬಾಯಿಂದ ಬರುವ ಮಾತು, “ತಾಂಬೂಲ ಬದಲಾಯಿಸಿ ಆಯಿತಲ್ಲಮ್ಮ. ಛತ್ರಕ್ಕೆ ಮುಂಗಡವನ್ನೂ ಕೊಟ್ಟುಬಿಟ್ಟಿದ್ದೇನೆ. ನಾಲ್ಕು ಜನ ಏನೆಂದಾರು?” ಶಾಸ್ತ್ರವೂ ಕಾನೂನೂ ಕಟ್ಟದ ಹುಡುಗಿಯನ್ನು ಇಲ್ಲಿ ಛತ್ರದ ಮುಂಗಡವು ಕಟ್ಟಿಹಾಕುತ್ತದೆ. ಅವಳು ಸುಮ್ಮನಾಗುತ್ತಾಳೆ, ಆ ಮೌನವನ್ನು ಎಲ್ಲರೂ ಸಮ್ಮತಿಯೆಂದು ಎಣಿಸಿಕೊಳ್ಳುತ್ತಾರೆ.

ಆದಕಾರಣ ಹಣವನ್ನು ಕೈಬಿಡುವುದಕ್ಕೆ ಮುಂಚೆ ಮಾತು ಮುಗಿಯಬೇಕು. ಮದುವೆಯಾದ ಮೇಲೆ ಎಲ್ಲಿ ವಾಸ, ಯಾರೊಡನೆ ವಾಸ, ಇಬ್ಬರ ಉದ್ಯೋಗದ ಗತಿಯೇನು, ತಲೆಯ ಮೇಲೆ ಸಾಲವೆಷ್ಟಿದೆ, ವಯಸ್ಸಾದ ತಂದೆತಾಯಿಗಳ ಪೋಷಣೆ ಯಾರದು, ಮರೆಮಾಚಬಾರದ ಕಾಯಿಲೆ ಯಾವುದಾದರೂ ಉಂಟೆ ಎಂಬ ಪ್ರಶ್ನೆಗಳನ್ನು ಹುಡುಗ ಹುಡುಗಿಯರು ತಾವೇ ಕುಳಿತು ಕೇಳಿಕೊಳ್ಳಬೇಕು. ಹಿರಿಯರು ಅದಕ್ಕೆ ಅವಕಾಶವನ್ನು ಕೊಡಬೇಕಲ್ಲದೆ, ಅವರ ಪರವಾಗಿ ತಾವು ಉತ್ತರ ಹೇಳಬಾರದು.

ಇನ್ನು ಏರ್ಪಾಟುಗಳ ಮಾತು. ಆಷಾಢದಲ್ಲಿಯೂ ಪುಷ್ಯದಲ್ಲಿಯೂ ನಮ್ಮಲ್ಲಿ ಸಾಮಾನ್ಯವಾಗಿ ಮದುವೆಗಳಿಲ್ಲ. ಉಳಿದ ತಿಂಗಳುಗಳ ಒಳ್ಳೆಯ ಮುಹೂರ್ತಗಳಿಗೆ ನೂಕುನುಗ್ಗಲು. ಆದ್ದರಿಂದ ಎಲ್ಲರೂ ಮೊದಲು ಛತ್ರಕ್ಕೆ ಓಡುವರು. ಆದರೆ ಮೊದಲು ಆಗಬೇಕಾದುದು ಕರೆಯಬೇಕಾದವರ ಪಟ್ಟಿ. ಛತ್ರದ ಅಳತೆ, ಅಡುಗೆಯ ವೆಚ್ಚ, ಕರೆಯೋಲೆ, ತಾಂಬೂಲದ ಚೀಲ, ನೆಂಟರ ವಸತಿ ಎಲ್ಲವೂ ಎಲೆಗಳ ಲೆಕ್ಕವನ್ನೇ ಹಿಂಬಾಲಿಸುತ್ತವೆ. ಒಂದು ಎಲೆಗೆ 300 ರೂಪಾಯಿ ಎಂದಿಟ್ಟುಕೊಳ್ಳಿ. ದಾಕ್ಷಿಣ್ಯಕ್ಕೆಂದು ನೂರು ಜನರನ್ನು ಹೆಚ್ಚಾಗಿ ಕರೆದು ಮೂರು ಹೊತ್ತು ಊಟ ಹಾಕಿದರೆ 90,000 ರೂಪಾಯಿ ಹೆಚ್ಚಾಯಿತು. “ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು” ಎಂಬ ಗಾದೆ ಹುಟ್ಟಿದುದು ಇಂತಹ ಲೆಕ್ಕಗಳಿಂದಲೇ ಇರಬೇಕು.

ಪಟ್ಟಿಯಾದ ಮೇಲೆ, ಸಾಲವಿಲ್ಲದೆ ಎಷ್ಟನ್ನು ವೆಚ್ಚಮಾಡಬಹುದೆಂಬ ಮೊತ್ತವನ್ನು ನಿಶ್ಚಯಿಸಿ, ಯಾವ ಬಾಬು ಯಾವ ಕಡೆಯವರದೆಂದು ಬರೆದಿಡಬೇಕು. ಛತ್ರದವರಿಗೆ ಮುಂಗಡ ಕೊಡುವಾಗ, ಕಾರಣಾಂತರದಿಂದ ಮದುವೆಯು ನಿಂತರೆ ಹಣವೆಷ್ಟು ಹಿಂದಕ್ಕೆ ಬರುವುದೆಂಬುದನ್ನು ರಶೀತಿಯಲ್ಲಿಯೇ ಬರೆಸಿಕೊಳ್ಳುವುದು ಲೇಸು. ಇದು ಅಪಶಕುನವಲ್ಲ, ವಿವೇಕ. ವರದಕ್ಷಿಣೆಯನ್ನು ಕೊಡುವುದೂ ತೆಗೆದುಕೊಳ್ಳುವುದೂ ಕೇಳುವುದೂ 1961ರ ಕಾನೂನಿನಂತೆ ಅಪರಾಧ. ಪ್ರೀತಿಯಿಂದ ಬಂದ ಉಡುಗೊರೆಗಳನ್ನು ಕೊಟ್ಟವರ ಹೆಸರು, ಅಂದಾಜು ಬೆಲೆ ಇವುಗಳೊಡನೆ ಪಟ್ಟಿಮಾಡಿ ವಧೂವರರು ರುಜುಹಾಕಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಈ ಪಟ್ಟಿಯ ವಿಷಯವನ್ನು ನಿಶ್ಚಯದ ದಿನವೇ ಪ್ರಸ್ತಾಪಿಸಿದರೆ ಬಾಯಿಮಾತಿನ ಬೇಡಿಕೆಗಳಿಗೆ ಎಡೆಯೇ ಉಳಿಯದು.

ಸರಳವಾಗಿ ನಡೆಸಿದರೆ ಮಾನ ಹೋದೀತೆಂದು ಅಂಜುವವರು ಎರಡು ನಿದರ್ಶನಗಳನ್ನು ನೆನೆಯಬಹುದು. ಕುವೆಂಪು ಅವರು 1966ರಲ್ಲಿ ತಮ್ಮ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಆಡಂಬರವಿಲ್ಲದೆ ಮಂತ್ರಮಾಂಗಲ್ಯದ ರೀತಿಯಲ್ಲಿ ನಡೆಸಿದರು. ಧರ್ಮಸ್ಥಳದಲ್ಲಿ 1972ರಲ್ಲಿ ಮೊದಲಾದ ಸಾಮೂಹಿಕ ವಿವಾಹಗಳಿಂದ ಸಹಸ್ರಾರು ಸಂಸಾರಗಳು ಸಾಲವಿಲ್ಲದೆ ಆರಂಭವಾಗಿವೆ. ಈ ಮದುವೆಗಳ ಗೌರವಕ್ಕೆ ಯಾರೂ ಕುಂದನ್ನು ಎಣಿಸಲಿಲ್ಲ.

ವಾಲಗವೂ ಔತಣವೂ ಬೇಡವೆಂದು ನಾನು ಹೇಳುವುದಿಲ್ಲ. ಶಕ್ತಿಯಿದ್ದವರು ಸಂತೋಷವಾಗಿ ಮಾಡಲಿ. ನನ್ನ ಬಿನ್ನಹ ಇಷ್ಟೆ. ತಮ್ಮ ಮನೆಯಲ್ಲಿ ನಿಶ್ಚಯವಾದ ಮಗಳೋ ಮಗನೋ ಒಂದು ಸಂಜೆ ಬಂದು, “ಒಂದು ಮಾತು ಹೇಳಬೇಕಾಗಿತ್ತು” ಎಂದರೆ, ಛತ್ರದ ರಶೀತಿಯನ್ನು ಮರೆತು ಆ ಮಾತನ್ನು ಪೂರ್ತಿಯಾಗಿ ಕೇಳಿರಿ. ಅನೇಕ ವೇಳೆ ಅದು ಸಣ್ಣ ಸಂದೇಹವಾಗಿದ್ದು, ಬೀಗರೊಡನೆ ಕುಳಿತು ಮಾತನಾಡಿದರೆ ಕರಗಿಹೋಗುವುದು; ಮದುವೆಯು ಮೊದಲಿಗಿಂತ ಭದ್ರವಾಗುವುದು. ಕರಗದಿದ್ದರೆ, ಮುಂಗಡವು ಹೋದರೆ ಹೋಗಲಿ. ಆ ಹಣವನ್ನು ಮತ್ತೆ ಸಂಪಾದಿಸಬಹುದು.