ಕಿರುಚಿತ್ರೋತ್ಸವದ ತೆರೆಮರೆಯವರು

ಸಭಾಂಗಣದ ದೀಪಗಳು ಆರುತ್ತವೆ. ತೆರೆಯ ಮೇಲೆ ಒಂದು ಕಥೆ ಮೂಡಿ, ಹನ್ನೆರಡೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ. ಕ್ಷಣಕಾಲ ಕತ್ತಲೆ. ಅನಂತರ ಬೇರೊಂದು ದೇಶದ, ಬೇರೊಂದು ಭಾಷೆಯ ಕಥೆ ಆರಂಭವಾಗುತ್ತದೆ. ಹೀಗೆ ಒಂದೂವರೆ ಗಂಟೆಯೊಳಗೆ ಏಳೆಂಟು ಲೋಕಗಳನ್ನು ಸುತ್ತಿಬಂದ ಪ್ರೇಕ್ಷಕರು ಚಪ್ಪಾಳೆ ತಟ್ಟಿ ಎದ್ದು ಹೋಗುತ್ತಾರೆ. ನಟರ ಮುಖ ನೆನಪಿನಲ್ಲಿ ಉಳಿಯುತ್ತದೆ. ನಿರ್ದೇಶಕರ ಹೆಸರೂ ಉಳಿಯಬಹುದು. ಆದರೆ ಸಾವಿರಾರು ಚಿತ್ರಗಳ ನಡುವೆ ಈ ಏಳೆಂಟನ್ನೇ ಆರಿಸಿದವರು ಯಾರು? ಇವನ್ನು ಇದೇ ಕ್ರಮದಲ್ಲಿ ಜೋಡಿಸಿದವರು ಯಾರು? ಯಕ್ಷಗಾನದ ಚೌಕಿಯಲ್ಲಿ ದುಡಿಯುವವರು ರಂಗಸ್ಥಳಕ್ಕೆ ಬಾರದಂತೆ, ಇವರೂ ಬೆಳಕಿಗೆ ಬಾರದ ಜನ. ಅವರ ಕೆಲಸವೆಂಥದು, ಅದರಲ್ಲಿ ಅಡಗಿರುವ ಲೆಕ್ಕಾಚಾರವೇನು, ವಿಜ್ಞಾನವೇನು ಎಂಬುದನ್ನು ನಾವು ಈ ಲೇಖನದಲ್ಲಿ ಪರಿಶೀಲಿಸೋಣ.

ಹುಟ್ಟುವಾಗಲೇ ಕಿರಿದು

ಚಲಚ್ಚಿತ್ರವು ಹುಟ್ಟಿದ್ದೇ ಕಿರುಚಿತ್ರವಾಗಿ. 1895ರ ಡಿಸೆಂಬರ್ 28ರಂದು ಪ್ಯಾರಿಸಿನ ಒಂದು ಕಾಫಿಗೃಹದ ನೆಲಮಾಳಿಗೆಯಲ್ಲಿ ಲೂಮಿಯೇರ್ ಸೋದರರು ಹಣ ತೆತ್ತು ಬಂದ ಪ್ರೇಕ್ಷಕರಿಗೆ ಹತ್ತು ಚಿತ್ರಗಳನ್ನು ತೋರಿಸಿದರು. ಪ್ರತಿಯೊಂದರ ಅವಧಿಯೂ ಹೆಚ್ಚು ಕಡಿಮೆ ಐವತ್ತು ಸೆಕೆಂಡುಗಳು! ಮರುವರ್ಷ, 1896ರ ಜುಲೈ 7ರಂದು, ಅವರ ಚಿತ್ರಗಳು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಪ್ರದರ್ಶನಗೊಂಡವು. ಕಾಲಕ್ರಮದಲ್ಲಿ ಚಿತ್ರಗಳು ಉದ್ದವಾಗುತ್ತ ಹೋದವು. ಚಿತ್ರಮಂದಿರಗಳು ಎರಡು ಮೂರು ಗಂಟೆಯ ಕಥಾಚಿತ್ರಗಳ ಪಾಲಾದವು. ಕಿರುಚಿತ್ರ ಮನೆಯಿಲ್ಲದ ಮಗುವಿನಂತಾಯಿತು.

ಕಿರುಚಿತ್ರವೆಂದರೆ ಎಷ್ಟು ಕಿರಿದು? ಎಲ್ಲರೂ ಒಪ್ಪಿದ ಒಂದೇ ಅಳತೆಯಿಲ್ಲ. ಆಸ್ಕರ್ ಪ್ರಶಸ್ತಿಗಳನ್ನು ನೀಡುವ ಅಮೆರಿಕದ ಅಕಾಡೆಮಿಯು ಹೆಸರುಗಳ ಪಟ್ಟಿಯೂ ಸೇರಿ 40 ನಿಮಿಷಗಳನ್ನು ಮೀರದ ಚಿತ್ರವನ್ನು ಕಿರುಚಿತ್ರವೆನ್ನುತ್ತದೆ. ಇಂದು ಇಂಥ ಚಿತ್ರವನ್ನು ಯಾರು ಬೇಕಾದರೂ ಅಂತರಜಾಲದಲ್ಲಿ ತೋರಿಸಬಹುದು, ನಿಜ. ಆದರೆ ಸಮುದ್ರಕ್ಕೆ ಸುರಿದ ಒಂದು ಬೊಗಸೆ ನೀರನ್ನು ಹುಡುಕಿ ಕುಡಿಯುವವರು ಯಾರು? ಕತ್ತಲೆಯ ಸಭಾಂಗಣದಲ್ಲಿ ನೂರಾರು ಜನ ಒಟ್ಟಾಗಿ ಕುಳಿತು ಅದನ್ನು ಗಮನವಿಟ್ಟು ನೋಡುವಂತಾಗಬೇಕಾದರೆ ಉತ್ಸವವೊಂದು ಬೇಕು; ಉತ್ಸವ ನಡೆಸುವ ಜನ ಬೇಕು.

ಎರಡು ಊರುಗಳ ಕಥೆ

ಈ ಜನ ಎಲ್ಲಿಂದ ಬರುತ್ತಾರೆ? ಎರಡು ನಿದರ್ಶನಗಳನ್ನು ನೋಡೋಣ.

ಜರ್ಮನಿಯ ರೂರ್ ಪ್ರಾಂತದ ಓಬರ್‌ಹೌಸೆನ್ ಕಲ್ಲಿದ್ದಲು ಮತ್ತು ಉಕ್ಕಿಗೆ ಹೆಸರಾಗಿದ್ದ ಊರು. ಅಲ್ಲಿ ವಯಸ್ಕರ ಶಿಕ್ಷಣಕ್ಕಾಗಿ ಇದ್ದ ಸಂಸ್ಥೆಯೊಂದರ ಮುಖ್ಯಸ್ಥ ಹಿಲ್ಮಾರ್ ಹಾಫ್‌ಮನ್. ಯುದ್ಧದ ಗಾಯ ಮಾಯದಿದ್ದ ಆ ದಿನಗಳಲ್ಲಿ, 1954ರಲ್ಲಿ, ಇವನು ಅಲ್ಲಿ ಕಿರುಚಿತ್ರಗಳ ಉತ್ಸವವನ್ನು ಆರಂಭಿಸಿದ. ‘ನೆರೆಯವನತ್ತ ದಾರಿ’ ಎಂಬುದು ಮುಂದೆ ಆ ಉತ್ಸವದ ಧ್ಯೇಯವಾಕ್ಯವಾಯಿತು. ಯೂರೋಪು ಎರಡು ಪಾಳೆಯಗಳಾಗಿ ಒಡೆದಿದ್ದ ಕಾಲದಲ್ಲಿ ಪೂರ್ವದ ದೇಶಗಳ ಚಿತ್ರಗಳನ್ನು ಪಶ್ಚಿಮದವರು ನೋಡಲು ಅದೊಂದು ಕಿಟಕಿಯಾಯಿತು.

ಎರಡನೆಯ ಊರು ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ. ಮೋಟಾರು ಟೈರುಗಳ ಕಾರ್ಖಾನೆಗೆ ಪ್ರಸಿದ್ಧವಾದ ಈ ಊರಿನಲ್ಲಿ 1979ರಲ್ಲಿ ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳು ಒಂದು ಕಿರುಚಿತ್ರ ಸಪ್ತಾಹವನ್ನು ನಡೆಸಿದರು. ಅದೇ ಬೆಳೆದು 1982ರಿಂದ ಸ್ಪರ್ಧೆಯುಳ್ಳ ಉತ್ಸವವಾಯಿತು. 1988ರಲ್ಲಿ ಅಂತರರಾಷ್ಟ್ರೀಯ ಸ್ಪರ್ಧೆಯೂ ಸೇರಿತು. ಇಂದು ಅದು ಜಗತ್ತಿನ ಅತಿ ದೊಡ್ಡ ಕಿರುಚಿತ್ರೋತ್ಸವವೆಂದು ಹೆಸರು ಪಡೆದಿದೆ. ಒಂದು ಉತ್ಸವವನ್ನು ಕಟ್ಟಿದವನು ಶಿಕ್ಷಕ, ಇನ್ನೊಂದನ್ನು ಕಟ್ಟಿದವರು ವಿದ್ಯಾರ್ಥಿಗಳು ಎಂಬ ಸಂಗತಿಯನ್ನು ನಮ್ಮ ತರುಣ ವಾಚಕರು ಗಮನಿಸಬೇಕು.

ಜರಡಿ ಹಿಡಿಯುವ ಲೆಕ್ಕ

ಉತ್ಸವ ನಡೆಸುವವರ ಮೊದಲ ಕೆಲಸ ಆಯ್ಕೆ. ಇದರ ಭಾರವೆಷ್ಟೆಂಬುದನ್ನು ಒಂದು ಕಲ್ಪಿತ ಲೆಕ್ಕದಿಂದ ತಿಳಿಯಬಹುದು. ಒಂದು ಉತ್ಸವಕ್ಕೆ 2,000 ಚಿತ್ರಗಳು ಬಂದವೆನ್ನೋಣ. ಸರಾಸರಿ ಅವಧಿ 12 ನಿಮಿಷ. ಒಟ್ಟು 24,000 ನಿಮಿಷಗಳು, ಅಂದರೆ 400 ಗಂಟೆಗಳು. ಒಬ್ಬನ ಅಭಿಪ್ರಾಯವನ್ನೇ ನೆಚ್ಚುವುದು ಸರಿಯಲ್ಲವಷ್ಟೆ? ಪ್ರತಿಯೊಂದನ್ನೂ ಇಬ್ಬರು ನೋಡಿದರೆ 800 ಗಂಟೆಗಳಾಯಿತು. ಈ ಹೊರೆಯನ್ನು ಹತ್ತು ಮಂದಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ 80 ಗಂಟೆ. ದಿನಕ್ಕೆ ಮೂರು ಗಂಟೆಯಂತೆ ನೋಡಿದರೂ ಸುಮಾರು 27 ದಿನಗಳು ಬೇಕು. ಚರ್ಚೆ, ಮರುವೀಕ್ಷಣೆ ಇವೆಲ್ಲ ಬೇರೆ. ಇದನ್ನು ಮಾಡುವವರಲ್ಲಿ ಅನೇಕರು ಹಗಲು ಬೇರೆ ಉದ್ಯೋಗದಲ್ಲಿದ್ದು, ರಾತ್ರಿ ಚಿತ್ರ ನೋಡಲು ಕೂರುವವರು.

ಕಣ್ಣು ದಣಿಯುವುದಷ್ಟೇ ಇಲ್ಲಿಯ ಸಮಸ್ಯೆಯಲ್ಲ, ತೀರ್ಪೇ ಓರೆಯಾಗಬಹುದು. ಒಂದು ಕೈಯನ್ನು ಬಿಸಿನೀರಿನಲ್ಲಿ, ಇನ್ನೊಂದನ್ನು ತಣ್ಣೀರಿನಲ್ಲಿ ಸ್ವಲ್ಪ ಹೊತ್ತು ಇರಿಸಿ, ಬಳಿಕ ಎರಡನ್ನೂ ಉಗುರುಬೆಚ್ಚನೆಯ ನೀರಿಗೆ ಅದ್ದಿ ನೋಡಿರಿ. ಅದೇ ನೀರು ಒಂದು ಕೈಗೆ ತಂಪು, ಇನ್ನೊಂದಕ್ಕೆ ಬಿಸಿ! ನಮ್ಮ ಮನಸ್ಸೂ ಹಾಗೆಯೇ. ಉತ್ಕೃಷ್ಟ ಚಿತ್ರವೊಂದರ ಬೆನ್ನಿಗೇ ಬಂದ ಸಾಧಾರಣ ಚಿತ್ರ ಕಳಪೆಯೆನಿಸುತ್ತದೆ. ಕಳಪೆಯ ಬೆನ್ನಿಗೆ ಬಂದರೆ ಅದೇ ಚಿತ್ರ ಚೆನ್ನೆನಿಸುತ್ತದೆ.

ಇದು ಬರಿಯ ಊಹೆಯಲ್ಲ. ಬ್ರಸೆಲ್ಸ್ ನಗರದ ರಾಣಿ ಎಲಿಜಬೆತ್ ಸಂಗೀತ ಸ್ಪರ್ಧೆಯಲ್ಲಿ ಅಂತಿಮ ಸುತ್ತಿನವರು ನುಡಿಸುವ ಸರದಿಯನ್ನು ಚೀಟಿ ಎತ್ತಿ ನಿರ್ಧರಿಸುತ್ತಾರೆ. ಅದರ ಫಲಿತಾಂಶಗಳನ್ನು ಫ್ಲೋರೆಸ್ ಮತ್ತು ಗಿನ್ಸ್‌ಬರ್ಗ್ ಎಂಬ ವಿದ್ವಾಂಸರು 1996ರಲ್ಲಿ ವಿಶ್ಲೇಷಿಸಿದರು. ಮೊದಲ ದಿನ ನುಡಿಸಿದವರಿಗೆ ಮೇಲಿನ ಸ್ಥಾನ ದೊರೆಯುವ ಸಂಭವ ಕಡಿಮೆಯೆಂದು ಕಂಡುಬಂದಿತು. ಮಂಜಿನ ಮೇಲಣ ನರ್ತನದ ಸ್ಪರ್ಧೆಗಳಲ್ಲಿಯೂ ಯೂರೋಪಿನ ಹಾಡಿನ ಸ್ಪರ್ಧೆಯಲ್ಲಿಯೂ ಸರದಿ ಹಿಂದಾದಂತೆ ಅಂಕಗಳು ಏರುವ ಪ್ರವೃತ್ತಿ ಇದೆಯೆಂದು ಬ್ರೌನೆ ಡಿ ಬ್ರೌನ್ ಎಂಬ ಸಂಶೋಧಕಿ 2005ರಲ್ಲಿ ತೋರಿಸಿದರು. ಮೊದಲು ಬಂದವನ ದೋಷ ಅವನು ಮೊದಲು ಬಂದುದೇ!

ಹಾಗಾದರೆ ಉಪಾಯವೇನು? ಪ್ರತಿ ಚಿತ್ರವನ್ನೂ ಒಬ್ಬರಿಗಿಂತ ಹೆಚ್ಚು ಮಂದಿ ನೋಡಬೇಕು. ಎಲ್ಲರೂ ಒಂದೇ ಕ್ರಮದಲ್ಲಿ ನೋಡಬಾರದು. ಅಂಕದೊಡನೆ ಕಾರಣವನ್ನೂ ಬರೆದಿಡಬೇಕು. ಇಬ್ಬರ ಅಭಿಪ್ರಾಯ ತೀರ ಭಿನ್ನವಾದಾಗ ಸರಾಸರಿ ತೆಗೆದು ಸುಮ್ಮನಾಗದೆ ಮೂರನೆಯವರಿಗೆ ತೋರಿಸಬೇಕು. ಏಕೆಂದರೆ ಒಬ್ಬ ಹತ್ತು, ಇನ್ನೊಬ್ಬ ಸೊನ್ನೆ ಕೊಟ್ಟ ಚಿತ್ರದ ಸರಾಸರಿಯೂ ಐದೇ, ಇಬ್ಬರೂ ಐದೈದು ಕೊಟ್ಟ ಚಿತ್ರದ ಸರಾಸರಿಯೂ ಐದೇ. ಆದರೆ ಎರಡೂ ಒಂದೇ ಬಗೆಯ ಚಿತ್ರಗಳಲ್ಲ. ಮೊದಲನೆಯದರಲ್ಲಿ ಹೊಸತೇನೋ ಇರುವ ಸಂಭವ ಹೆಚ್ಚು.

ಹಾರ ಕಟ್ಟುವ ಕಲೆ

ಆಯ್ಕೆ ಮುಗಿಯಿತು. ಇನ್ನು ಜೋಡಣೆ. ಎಂಟು ಚಿತ್ರಗಳನ್ನು ಒಂದು ಪ್ರದರ್ಶನಕ್ಕೆ ಎಷ್ಟು ಕ್ರಮಗಳಲ್ಲಿ ಜೋಡಿಸಬಹುದು? ಗಣಿತ ಬಲ್ಲ ವಿದ್ಯಾರ್ಥಿಗಳು ಥಟ್ಟನೆ ಹೇಳಿಯಾರು: 8 × 7 × 6 × 5 × 4 × 3 × 2 × 1, ಅಂದರೆ 40,320. ಇವುಗಳಲ್ಲಿ ಒಂದನ್ನು ಆರಿಸಬೇಕು. ಸಾವಿನ ಕುರಿತ ಗಂಭೀರ ಚಿತ್ರದ ಬೆನ್ನಿಗೇ ನಗೆಚಿತ್ರವನ್ನಿಟ್ಟರೆ ಎರಡಕ್ಕೂ ಅನ್ಯಾಯ. ಒಂದೇ ಬಗೆಯವನ್ನು ಸಾಲಾಗಿಟ್ಟರೆ ಪ್ರೇಕ್ಷಕ ಆಕಳಿಸುತ್ತಾನೆ. ತೀರ್ಪುಗಾರರನ್ನು ಕಾಡುವ ಹೋಲಿಕೆಯ ದೋಷವೇ ಇಲ್ಲಿ ಪ್ರೇಕ್ಷಕರನ್ನೂ ಕಾಡುತ್ತದೆ. ಹೂವಾಡಗಿತ್ತಿಗೆ ಯಾವ ಹೂವಿನ ಪಕ್ಕದಲ್ಲಿ ಯಾವುದು ಶೋಭಿಸುವುದೆಂಬುದು ಹೇಗೆ ಅನುಭವದಿಂದ ತಿಳಿದಿರುತ್ತದೆಯೋ, ಕಾರ್ಯಕ್ರಮ ಜೋಡಿಸುವವರಿಗೂ ಅದು ಹಾಗೆಯೇ ತಿಳಿಯಬೇಕು.

ಪ್ರೊಜೆಕ್ಟರ್ ಕೋಣೆಯಲ್ಲಿ

ಇನ್ನು ಸಭಾಂಗಣದ ಹಿಂದಿನ ಗೋಡೆಯ ಪುಟ್ಟ ಕಿಂಡಿಯತ್ತ ತಿರುಗೋಣ. ಹಿಂದೆ ಅಲ್ಲಿ 35 ಮಿಲಿಮೀಟರು ಅಗಲದ ಫಿಲಂ ಓಡುತ್ತಿತ್ತು. ಸೆಕೆಂಡಿಗೆ 24 ಚಿತ್ರಗಳು. ಅಡಿಗೆ 16 ಚಿತ್ರಗಳು. ಆದ್ದರಿಂದ ಹತ್ತು ನಿಮಿಷದ ಕಿರುಚಿತ್ರಕ್ಕೆ 900 ಅಡಿ ಫಿಲಂ. ಇಂದು ಬಹುಮಟ್ಟಿಗೆ ಅದರ ಸ್ಥಾನದಲ್ಲಿ ಡಿ.ಸಿ.ಪಿ. ಎಂಬ ಅಂಕೀಯ ಕಡತಗಳ ಕಟ್ಟು ಬಂದಿದೆ. ಹತ್ತು ನಿಮಿಷಕ್ಕೆ 14,400 ಚಿತ್ರಗಳು. ಒಂದೊಂದನ್ನೂ ಬೇರೆ ಬೇರೆಯಾಗಿ ಅಡಕಗೊಳಿಸಿರುತ್ತಾರೆ.

ದೀರ್ಘ ಕಥಾಚಿತ್ರವಾದರೆ ಒಮ್ಮೆ ಹೊಂದಿಸಿಟ್ಟರೆ ಸಾಕು. ಎಂಟು ಕಿರುಚಿತ್ರಗಳಾದರೆ ಎಂಟು ತೊಡಕುಗಳು. ಒಂದರ ಚೌಕಟ್ಟು ಎತ್ತರಕ್ಕಿಂತ 1.85 ಪಟ್ಟು ಅಗಲ, ಇನ್ನೊಂದರದು 2.39 ಪಟ್ಟು, ಹಳೆಯ ಶೈಲಿಯ ಮತ್ತೊಂದರದು 1.33 ಪಟ್ಟು ಮಾತ್ರ. ವೇಗದ ವಿಷಯವೂ ಹೀಗೆಯೇ. ಸೆಕೆಂಡಿಗೆ 25 ಚಿತ್ರಗಳಂತೆ ತೆಗೆದುದನ್ನು 24ರಂತೆ ಓಡಿಸಿದರೆ ಹತ್ತು ನಿಮಿಷದ ಚಿತ್ರ 10 ನಿಮಿಷ 25 ಸೆಕೆಂಡುಗಳಿಗೆ ಹಿಗ್ಗುತ್ತದೆ. ಸರಿಪಡಿಸದಿದ್ದರೆ ಧ್ವನಿಯ ಕಂಪನಸಂಖ್ಯೆ ನೂರಕ್ಕೆ ನಾಲ್ಕರಷ್ಟು ತಗ್ಗಿ, ಗಾಯಕಿಯ ಶ್ರುತಿಯೇ ಇಳಿಯುತ್ತದೆ! ಪಿಸುಮಾತಿನ ಚಿತ್ರದ ಬೆನ್ನಿಗೆ ಗುಂಡಿನ ಸದ್ದಿನ ಚಿತ್ರ ಬಂದರೆ ಮುಂದಿನ ಸಾಲಿನವರು ಬೆಚ್ಚಿಬೀಳುತ್ತಾರೆ. ಆದ್ದರಿಂದ ಉತ್ಸವಕ್ಕೆ ಮೊದಲೇ, ಖಾಲಿ ಸಭಾಂಗಣದಲ್ಲಿ, ಪ್ರತಿ ಚಿತ್ರವನ್ನೂ ಓಡಿಸಿ ನೋಡಬೇಕು. ಅಡಿಬರಹಗಳು ಮಾತಿಗೆ ಸರಿಯಾಗಿ ಮೂಡುತ್ತಿವೆಯೇ ಎಂದು ಪರೀಕ್ಷಿಸಬೇಕು. ಎಲ್ಲವೂ ಸರಿಯಾಗಿ ನಡೆದರೆ ಈ ಕೆಲಸ ಯಾರ ಕಣ್ಣಿಗೂ ಬೀಳದು. ಅದೇ ಅದರ ಯಶಸ್ಸು.

ಧೈರ್ಯದ ಪರೀಕ್ಷೆ

ಆದರೆ ಅಳತೆ, ಲೆಕ್ಕಗಳಿಂದ ಮುಗಿಯದ ಒಂದು ಭಾಗ ಈ ಕೆಲಸದಲ್ಲುಂಟು. 1962ರ ಫೆಬ್ರವರಿ 28ರಂದು ಇದೇ ಓಬರ್‌ಹೌಸೆನ್ ಉತ್ಸವದಲ್ಲಿ 26 ಮಂದಿ ತರುಣ ಚಿತ್ರಕಾರರು ಒಂದು ಘೋಷಣೆಗೆ ಸಹಿಮಾಡಿ, ಜರ್ಮನಿಯ ಹಳೆಯ ಸಿನಿಮಾ ಸತ್ತಿತೆಂದೂ ಹೊಸತನ್ನು ತಾವು ಕಟ್ಟುವೆವೆಂದೂ ಸಾರಿದರು. ಅವರಿಗೆ ಆ ನಂಬಿಕೆ ತಂದುಕೊಟ್ಟುದು ತಮ್ಮ ಕಿರುಚಿತ್ರಗಳು ಉತ್ಸವಗಳಲ್ಲಿ ಪಡೆದ ಮನ್ನಣೆ. ಮುಂದೆ ಲೋಕಪ್ರಸಿದ್ಧವಾದ ಜರ್ಮನಿಯ ನವಸಿನಿಮಾಕ್ಕೆ ಅಲ್ಲಿಯೇ ತಳಪಾಯ ಬಿದ್ದಿತು.

ಅದೇ ಉತ್ಸವ ಆರು ವರ್ಷಗಳ ಬಳಿಕ ಎಡವಿದ್ದೂ ಉಂಟು. 1968ರಲ್ಲಿ ಆಯ್ಕೆ ಸಮಿತಿ ಒಪ್ಪಿದ್ದ ಹೆಲ್ಮುಟ್ ಕೊಸ್ಟಾರ್ಡ್‌ನ ಕಿರುಚಿತ್ರವೊಂದನ್ನು ಅಶ್ಲೀಲವೆಂಬ ಆಕ್ಷೇಪಣೆಗೆ ಮಣಿದು ಕಾರ್ಯಕ್ರಮದಿಂದ ತೆಗೆದುಹಾಕಲಾಯಿತು. ಇದನ್ನು ಪ್ರತಿಭಟಿಸಿ ಜರ್ಮನಿಯ ಅನೇಕ ನಿರ್ದೇಶಕರು ತಮ್ಮ ಚಿತ್ರಗಳನ್ನು ಹಿಂತೆಗೆದುಕೊಂಡರು. ಆಯ್ದವರ ಮಾತಿಗೆ ಉತ್ಸವವೇ ಬೆಲೆ ಕೊಡದಿದ್ದರೆ ಅದನ್ನು ನಂಬಿ ಚಿತ್ರ ಕಳುಹಿಸುವವರು ಯಾರು? ನಂಬಿಕೆಯೇ ಉತ್ಸವದ ನಿಜವಾದ ಬಂಡವಾಳ.

ನಮ್ಮ ನಾಡಿಗೆ ಬಂದ ಫಲ

ಈ ನಂಬಿಕೆ ಫಲ ಕೊಟ್ಟ ಸಂಗತಿಯೊಂದು ಕನ್ನಡಿಗರಿಗೆ ಹತ್ತಿರದ್ದು. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಚಲಚ್ಚಿತ್ರ ಶಾಲೆಗಳ ವಿದ್ಯಾರ್ಥಿಗಳಿಗಾಗಿಯೇ ‘ಲಾ ಸಿನೆಫ್’ ಎಂಬ ವಿಭಾಗವಿದೆ. 2024ರಲ್ಲಿ ಅದಕ್ಕೆ ಜಗತ್ತಿನ 555 ಶಾಲೆಗಳಿಂದ 2,263 ಚಿತ್ರಗಳು ಬಂದವು. ಆಯ್ಕೆಯಾದವು 18 ಮಾತ್ರ. ಅಂದರೆ ಸುಮಾರು 126ಕ್ಕೆ ಒಂದು. ಅವುಗಳಲ್ಲಿ ಪ್ರಥಮ ಪ್ರಶಸ್ತಿ ಪಡೆದುದು ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ ಎಂಬ ಕನ್ನಡದ ಕಿರುಚಿತ್ರ. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದುದರಿಂದ ಬೆಳಗೇ ಆಗದೆ ಹೋದ ನಮ್ಮ ಜನಪದ ಕಥೆ ಅದಕ್ಕೆ ಆಧಾರ. ಮಾಡಿದವರು ಮೈಸೂರಿನ ಚಿದಾನಂದ ಎಸ್. ನಾಯ್ಕ್, ಆಗ ಅವರು ಪುಣೆಯ ಚಲಚ್ಚಿತ್ರ ಶಾಲೆಯ ವಿದ್ಯಾರ್ಥಿ. ಸುಮಾರು ಹದಿನಾರು ನಿಮಿಷಗಳ, ದೂರದ ಭಾಷೆಯ ಆ ಚಿತ್ರವನ್ನು 2,263ರ ರಾಶಿಯಿಂದ ಹೆಕ್ಕಿ ತೆಗೆದ ಕಣ್ಣುಗಳು ಯಾರವೋ! ಆ ಕ್ಷಣ ಅವು ದಣಿದು ಮುಚ್ಚಿದ್ದರೆ ನಮ್ಮ ಹುಂಜದ ಕೂಗು ಅಲ್ಲಿ ಕೇಳುತ್ತಲೇ ಇರಲಿಲ್ಲ.

ಹಾಗೆಂದು ಉಳಿದ 2,245 ಚಿತ್ರಗಳು ಅಯೋಗ್ಯವೆಂದು ತಿಳಿಯಬಾರದು. ಆಯ್ಕೆಯೆಂಬುದು ತಕ್ಕಡಿಯಲ್ಲಿ ಚಿನ್ನ ತೂಗಿದಂತಲ್ಲವೆಂಬುದನ್ನು ಆಗಲೇ ಕಂಡೆವು. ಒಂದೆಡೆ ನಿರಾಕೃತವಾದ ಚಿತ್ರ ಇನ್ನೊಂದೆಡೆ ಮನ್ನಣೆ ಪಡೆಯಬಹುದು. ಚಿತ್ರ ಮಾಡಿ ಕಳುಹಿಸುವ ತರುಣರು ಇದನ್ನು ನೆನಪಿಡಬೇಕು, ಆಯುವವರೂ ನೆನಪಿಡಬೇಕು. ತನ್ನ ಅಳತೆಗೋಲು ತಪ್ಪಬಹುದೆಂದು ಬಲ್ಲ ವಿಜ್ಞಾನಿಯೇ ಅದನ್ನು ಮತ್ತೆ ಮತ್ತೆ ಒರೆಹಚ್ಚುತ್ತಾನೆ.

ಮುಂದಿನ ಬಾರಿ ಇಂಥ ಪ್ರದರ್ಶನಕ್ಕೆ ಹೋದಾಗ, ದೀಪ ಹತ್ತಿದೊಡನೆ ಎದ್ದು ಹೊರಡದೆ, ಒಮ್ಮೆ ಹಿಂದಿರುಗಿ ಆ ಪುಟ್ಟ ಕಿಂಡಿಯತ್ತ ನೋಡಿರಿ. ಇನ್ನೂ ಉತ್ಸಾಹವಿದ್ದರೆ, ನಿಮ್ಮ ಕಾಲೇಜಿನಲ್ಲಿಯೇ ಒಂದು ಬಿಳಿಯ ಗೋಡೆ, ಒಂದು ಪ್ರೊಜೆಕ್ಟರು, ಹತ್ತು ಒಳ್ಳೆಯ ಕಿರುಚಿತ್ರಗಳು, ಅವುಗಳ ಒಡೆಯರ ಅನುಮತಿ, ಇಷ್ಟನ್ನು ಕೂಡಿಸಿಕೊಳ್ಳಿರಿ. ಕ್ಲೆರ್ಮಾಂ-ಫೆರಾಂನ ವಿದ್ಯಾರ್ಥಿಗಳು ಆರಂಭಿಸಿದ್ದೂ ಒಂದು ವಾರದ ಪ್ರದರ್ಶನದಿಂದಲೇ.