ಮತ ಯಾರದು, ಸಾಲ ಯಾರಿಗೆ: ಜಾಗತಿಕ ಹಣಕಾಸು ಸಂಸ್ಥೆಗಳ ಮುಂದಿನ ದಾರಿ

ಅಂತಾರಾಷ್ಟ್ರೀಯ ಹಣಕಾಸು ನಿಧಿಯಲ್ಲಿ, ಅಂದರೆ ಐಎಂಎಫ್‌ನಲ್ಲಿ, ದೇಶಕ್ಕೊಂದು ಮತ ಎಂಬ ಲೆಕ್ಕವಿಲ್ಲ. ಪ್ರತಿ ಸದಸ್ಯ ದೇಶಕ್ಕೂ ಒಂದು ಕೋಟಾ ಗೊತ್ತುಮಾಡಿರುತ್ತಾರೆ. ನಿಧಿಗೆ ಕಟ್ಟಬೇಕಾದ ಹಣ, ಕಷ್ಟಕಾಲದಲ್ಲಿ ಸಿಗುವ ಸಾಲ, ಸಭೆಯಲ್ಲಿ ಇರುವ ಮತಬಲ ಎಲ್ಲವೂ ಅದನ್ನೇ ಅವಲಂಬಿಸಿವೆ. ಅಮೆರಿಕದ ಮತಬಲ ಸುಮಾರು ಶೇ 16.5, ಚೀನಾದ್ದು ಶೇ 6ರ ಆಸುಪಾಸು, ಭಾರತದ್ದು ಶೇ 2.6. ಕೋಟಾ ಬದಲಿಸುವಂಥ ದೊಡ್ಡ ತೀರ್ಮಾನಗಳಿಗೆ ಶೇ 85ರಷ್ಟು ಮತ ಬೇಕು. ಅಮೆರಿಕ ಒಲ್ಲೆ ಎಂದರೆ ಉಳಿದವರೆಲ್ಲ ಒಟ್ಟಾದರೂ ಕೆಲಸ ಆಗದು.

ಈ ಏರ್ಪಾಡು ಹುಟ್ಟಿದ್ದು 1944ರ ಜುಲೈನಲ್ಲಿ, ಅಮೆರಿಕದ ಬ್ರೆಟನ್ ವುಡ್ಸ್‌ನ ಹೋಟೆಲೊಂದರಲ್ಲಿ. ಅಲ್ಲಿ 44 ದೇಶಗಳ ಪ್ರತಿನಿಧಿಗಳು ಸೇರಿದ್ದರು. ಭಾರತ ಆಗಿನ್ನೂ ಬ್ರಿಟಿಷರ ಕೈಯಲ್ಲಿದ್ದರೂ ನಿಯೋಗದಲ್ಲಿ ಸಿ.ಡಿ. ದೇಶಮುಖ್, ಷಣ್ಮುಖಂ ಚೆಟ್ಟಿ, ಎ.ಡಿ. ಶ್ರಾಫ್ ಇದ್ದರು. ಯುದ್ಧಕಾಲದಲ್ಲಿ ಬ್ರಿಟನ್ ಭಾರತಕ್ಕೆ ಉಳಿಸಿಕೊಂಡ ಬಾಕಿಯನ್ನು ಹೊಸ ನಿಧಿಯ ಮೂಲಕ ತೀರಿಸಬೇಕೆಂಬ ಅವರ ಬೇಡಿಕೆಗೆ ಬ್ರಿಟನ್ನಿನ ಅರ್ಥಶಾಸ್ತ್ರಜ್ಞ ಕೇನ್ಸ್ ಒಪ್ಪಲಿಲ್ಲ. ಕೇನ್ಸ್‌ಗೆ ಅವರದೇ ಸೋಲೂ ಕಾದಿತ್ತು. ಯಾವ ದೇಶಕ್ಕೂ ಸೇರದ ‘ಬ್ಯಾಂಕೋರ್’ ಎಂಬ ಲೆಕ್ಕದ ನಾಣ್ಯ ಬೇಕು, ಸಾಲಗಾರ ದೇಶದ ಜತೆ ಹೆಚ್ಚು ಗಳಿಸಿ ಕೂಡಿಟ್ಟ ದೇಶದ ಮೇಲೂ ಹೊಣೆ ಬೀಳಬೇಕು ಎಂದು ಅವರು ವಾದಿಸಿದ್ದರು. ಅಮೆರಿಕದ ಹ್ಯಾರಿ ಡೆಕ್ಸ್‌ಟರ್ ವೈಟ್ ಅವರ ಯೋಜನೆಯೇ ಗೆದ್ದಿತು. ಚಿನ್ನವೂ ಡಾಲರೂ ಅವರ ಕಡೆಯಲ್ಲೇ ಇದ್ದವಲ್ಲ!

ಡಾಲರಿಗೂ ಚಿನ್ನಕ್ಕೂ ಇದ್ದ ನಂಟು 1971ರಲ್ಲಿ ಕಡಿಯಿತು. ಬ್ರೆಟನ್ ವುಡ್ಸ್‌ನ ಸಂಸ್ಥೆಗಳು ಮಾತ್ರ ಉಳಿದವು. ಐಎಂಎಫ್ ಬರಬರುತ್ತಾ ಬಿಕ್ಕಟ್ಟಿಗೆ ಸಿಕ್ಕ ದೇಶಗಳಿಗೆ ಷರತ್ತು ಹಾಕಿ ಸಾಲ ಕೊಡುವ ಸಂಸ್ಥೆಯಾಯಿತು. 1991ರಲ್ಲಿ ಭಾರತವೂ ಅಲ್ಲಿಗೆ ಹೋಗಬೇಕಾಯಿತು. ವಿದೇಶಿ ವಿನಿಮಯ ಬರಿದಾಗಿ ಸುಮಾರು 47 ಟನ್ ಚಿನ್ನವನ್ನು ಇಂಗ್ಲೆಂಡ್ ಮತ್ತು ಜಪಾನ್‌ಗಳ ಕೇಂದ್ರ ಬ್ಯಾಂಕುಗಳಲ್ಲಿ ಅಡವಿಟ್ಟ ವರ್ಷ ಅದು.

ಅಂದಿನಿಂದ ಇಂದಿಗೆ ಆರ್ಥಿಕ ಬಲ ಏಷ್ಯಾದತ್ತ ವಾಲಿದೆ; ಮತಗಳು ಅದೇ ವೇಗದಲ್ಲಿ ವಾಲಿಲ್ಲ. 2010ರಲ್ಲಿ ಒಪ್ಪಿದ ಕೋಟಾ ಸುಧಾರಣೆ ಅಮೆರಿಕದ ಸಂಸತ್ತಿನಲ್ಲಿ ಸಿಕ್ಕಿಕೊಂಡು ಜಾರಿಯಾದದ್ದು 2016ರ ಜನವರಿಯಲ್ಲಿ. 2023ರ ಡಿಸೆಂಬರ್‌ನಲ್ಲಿ ಕೋಟಾಗಳನ್ನು ಶೇ 50ರಷ್ಟು ಹೆಚ್ಚಿಸಲು ಒಪ್ಪಿಗೆ ಸಿಕ್ಕಿತು, ಆದರೆ ಎಲ್ಲರಿಗೂ ಒಂದೇ ಪ್ರಮಾಣದಲ್ಲಿ. ಆದ್ದರಿಂದ ಪಾಲುಗಳು ಇದ್ದಲ್ಲೇ ಇವೆ. ಪಾಲಿನ ಈ ಅಸಮತೋಲನದ ಪರಿಣಾಮ ಕೋವಿಡ್ ಕಾಲದಲ್ಲೇ ಎದ್ದು ಕಂಡಿತ್ತು: 2021ರಲ್ಲಿ ಐಎಂಎಫ್ ಕೋಟಾಗೆ ತಕ್ಕಂತೆ ಹಂಚಿದ 65,000 ಕೋಟಿ ಡಾಲರ್ ಮೌಲ್ಯದ ಮೀಸಲಿನಲ್ಲಿ ಇಡೀ ಆಫ್ರಿಕಾ ಖಂಡಕ್ಕೆ ದಕ್ಕಿದ್ದು ಸುಮಾರು 3,300 ಕೋಟಿ. ಹೆಚ್ಚು ಬೇಕಾದವರಿಗೆ ಕಡಿಮೆ ಸಿಗುವುದು ಇಲ್ಲಿ ಅಚಾತುರ್ಯವಲ್ಲ, ಸೂತ್ರದ ಫಲ.

ಬೇಸತ್ತ ದೇಶಗಳು ಬೇರೆ ಸಂಸ್ಥೆಗಳನ್ನು ಕಟ್ಟಿಕೊಂಡಿವೆ. ಬ್ರಿಕ್ಸ್ ದೇಶಗಳ ನ್ಯೂ ಡೆವಲಪ್‌ಮೆಂಟ್ ಬ್ಯಾಂಕ್‌ನಲ್ಲಿ ಐದು ಸ್ಥಾಪಕ ದೇಶಗಳಿಗೂ ಸಮಪಾಲು, ಯಾರಿಗೂ ವೀಟೊ ಇಲ್ಲ. ಶಾಂಘೈಯಲ್ಲಿರುವ ಈ ಬ್ಯಾಂಕಿನ ಮೊದಲ ಅಧ್ಯಕ್ಷರು ಮಂಗಳೂರಿನ ಕೆ.ವಿ. ಕಾಮತ್. ಬೀಜಿಂಗ್‌ನ ಏಷ್ಯಾ ಮೂಲಸೌಕರ್ಯ ಹೂಡಿಕೆ ಬ್ಯಾಂಕಿನಲ್ಲಿ ಚೀನಾದ ನಂತರದ ದೊಡ್ಡ ಪಾಲು ಭಾರತದ್ದು. ಬೆಂಗಳೂರು ಮೆಟ್ರೊದ ಗೊಟ್ಟಿಗೆರೆ–ನಾಗವಾರ ಮಾರ್ಗಕ್ಕೆ 2017ರಲ್ಲಿ 33.5 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ್ದು ಇದೇ ಬ್ಯಾಂಕು. ಐರೋಪ್ಯ ಹೂಡಿಕೆ ಬ್ಯಾಂಕೂ ಆ ಮಾರ್ಗಕ್ಕೆ ಸಾಲ ಕೊಟ್ಟಿದೆ. ಹಳಬರು, ಹೊಸಬರು ಎಂಬ ಗೆರೆ ಮಾತಿನಲ್ಲಿ ಇರುವಷ್ಟು ಸಾಲದ ಕಾಗದದಲ್ಲಿ ಇಲ್ಲ. ಬ್ರಿಕ್ಸ್‌ನ 10,000 ಕೋಟಿ ಡಾಲರ್‌ಗಳ ತುರ್ತು ಮೀಸಲು ಒಪ್ಪಂದ ಇನ್ನೂ ವಿಚಿತ್ರ. ಸದಸ್ಯ ದೇಶವೊಂದು ತನಗೆ ಸಲ್ಲುವ ಮೊತ್ತದಲ್ಲಿ ಶೇ 30ಕ್ಕಿಂತ ಹೆಚ್ಚು ಪಡೆಯಬೇಕಾದರೆ ಐಎಂಎಫ್ ಜತೆ ಸಾಲದ ಒಪ್ಪಂದ ಮಾಡಿಕೊಂಡಿರಲೇಬೇಕು.

ಮುಂದಿನ ವರ್ಷಗಳ ಕಗ್ಗಂಟು ಬಡ ದೇಶಗಳ ಹಳೆಯ ಸಾಲ. ಹಿಂದೆ ಸಾಲ ಕೊಟ್ಟ ಸಿರಿವಂತ ದೇಶಗಳು ಪ್ಯಾರಿಸ್ ಕ್ಲಬ್ಬಿನಲ್ಲಿ ಕೂತು ಸಾಲ ಮರುಹೊಂದಿಸುತ್ತಿದ್ದವು. ಈಗ ದೊಡ್ಡ ಸಾಲದಾತನಾದ ಚೀನಾ ಆ ಕ್ಲಬ್ಬಿನ ಸದಸ್ಯನಲ್ಲ. ಅದನ್ನೂ ಒಳಗೊಳ್ಳಲು ಜಿ20 ದೇಶಗಳು 2020ರಲ್ಲಿ ‘ಸಮಾನ ಚೌಕಟ್ಟು’ ರೂಪಿಸಿದವು. ಅದೇ ವರ್ಷ ಸಾಲ ಕಟ್ಟಲಾಗದೆ ಕೈಚೆಲ್ಲಿದ ಜಾಂಬಿಯಾಕ್ಕೆ ಸಾಲ ಕೊಟ್ಟ ಸರ್ಕಾರಗಳ ಒಪ್ಪಿಗೆ ಸಿಗಲು 2023ರ ಜೂನ್ ಬರಬೇಕಾಯಿತು. ಸಾಲದ ಬಿಕ್ಕಟ್ಟಿಗೆ ಸಿಕ್ಕ ಶ್ರೀಲಂಕಾ ಮಧ್ಯಮ ಆದಾಯದ ದೇಶವೆಂಬ ಕಾರಣಕ್ಕೆ ಆ ಚೌಕಟ್ಟಿನ ಹೊರಗೇ ಉಳಿಯಿತು. ಅದಕ್ಕಾಗಿ ಭಾರತ, ಜಪಾನ್, ಫ್ರಾನ್ಸ್ ಮುಂದಾಳುಗಳಾಗಿ ಬೇರೊಂದು ಸಮಿತಿ ರಚಿಸಿದವು; ಚೀನಾದ ಎಕ್ಸಿಮ್ ಬ್ಯಾಂಕ್ ಕೊಲಂಬೊ ಜತೆ ತನ್ನ ಮಾತುಕತೆಯನ್ನು ಪ್ರತ್ಯೇಕವಾಗಿಯೇ ನಡೆಸಿತು.