ಕೀಮೋಗೆ ಮೊದಲು ಕೇಳಲೇಬೇಕಾದ ಪ್ರಶ್ನೆ

ಕ್ಯಾನ್ಸರ್ ಅಂತ ಗೊತ್ತಾದ ಮನೆಯಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ‘ಮೊದಲು ಜೀವ ಉಳೀಲಿ, ಉಳಿದದ್ದೆಲ್ಲ ಆಮೇಲೆ.’ ನಮ್ಮ ಮನೆಯಲ್ಲೂ ಹಾಗೇ ಆಯ್ತು. ಆಗ ನನಗೆ 29 ವರ್ಷ, ಮದುವೆಯಾಗಿರಲಿಲ್ಲ, ಸ್ತನದಲ್ಲಿ ಗಡ್ಡೆ. ಆ ಮಾತು ತಪ್ಪೇನಲ್ಲ. ಆದರೆ ಮಗುವಿನ ವಿಷಯದಲ್ಲಿ ‘ಆಮೇಲೆ’ ಅಂದರೆ ತುಂಬ ತಡವಾಗಿಬಿಡಬಹುದು.

ಹೆಣ್ಣುಮಗು ಹುಟ್ಟುವಾಗಲೇ ಜೀವಮಾನಕ್ಕಾಗುವಷ್ಟು ಅಂಡಾಣುಗಳನ್ನು ಹೊತ್ತು ಬರುತ್ತದೆ. ಕೆಲವು ಕೀಮೋ ಔಷಧಿಗಳು, ಅದರಲ್ಲೂ ಸ್ತನ ಕ್ಯಾನ್ಸರ್‌ಗೆ ಸಾಮಾನ್ಯವಾಗಿ ಕೊಡುವ ಸೈಕ್ಲೋಫಾಸ್ಫಮೈಡ್, ಆ ದಾಸ್ತಾನನ್ನೂ ಕರಗಿಸುತ್ತವೆ. ಎಷ್ಟು ಅನ್ನೋದು ವಯಸ್ಸು, ಔಷಧಿ, ಡೋಸ್ ಮೇಲೆ ಹೋಗುತ್ತದೆ. ಚಿಕಿತ್ಸೆ ಮುಗಿದು ಮುಟ್ಟು ಮತ್ತೆ ಶುರುವಾದರೂ ಒಳಗೆ ಉಳಿದಿರೋದು ಕಡಿಮೆಯೇ ಇರಬಹುದು.

ವೈದ್ಯರು ತಾವಾಗಿ ಈ ಮಾತು ಎತ್ತಲಿಲ್ಲ. ಪಕ್ಕದಲ್ಲಿ ಅಪ್ಪ ಕೂತಿದ್ದಾಗ ಕೇಳೋಕೆ ಸಂಕೋಚವಾಯಿತು, ಆದರೂ ಕೇಳಿದೆ. ಎರಡೇ ದಿನದಲ್ಲಿ ಫರ್ಟಿಲಿಟಿ ತಜ್ಞೆಯ ಭೇಟಿಯಾಯಿತು.

ಅಂಡಾಣು ಫ್ರೀಜಿಂಗ್‌ಗೆ ಬೇಕಾಗೋದು ಸುಮಾರು ಎರಡು ವಾರ. ಮುಟ್ಟಿಗಾಗಿ ಕಾಯಬೇಕಿಲ್ಲ, ಯಾವ ದಿನ ಬೇಕಾದರೂ ಇಂಜೆಕ್ಷನ್ ಶುರುಮಾಡಬಹುದು. ಈಸ್ಟ್ರೊಜೆನ್ ಹೆಚ್ಚಾಗದಿರಲಿ ಅಂತ ನನಗೆ ಜೊತೆಗೆ ಲೆಟ್ರೊಜೋಲ್ ಮಾತ್ರೆ ಕೊಟ್ಟರು. ಅರಿವಳಿಕೆ ಕೊಟ್ಟು ತೆಗೆದ ಅಂಡಾಣುಗಳು ಈಗ ಮೈನಸ್ 196 ಡಿಗ್ರಿಯ ದ್ರವ ಸಾರಜನಕದಲ್ಲಿವೆ. ಮದುವೆಯಾದವರು ಭ್ರೂಣವನ್ನೇ ಇಡಿಸಬಹುದು.

ಎರಡು ವಾರ ಕಾಯೋಕೂ ಆಗದವರಿಗೆ, ಇನ್ನೂ ಋತುಮತಿಯಾಗದ ಹುಡುಗಿಯರಿಗೆ, ಲ್ಯಾಪ್ರೋಸ್ಕೋಪಿ ಮೂಲಕ ಅಂಡಾಶಯದ ತುಣುಕನ್ನೇ ತೆಗೆದಿಡುವ ದಾರಿಯಿದೆ. ಹೀಗೆ ತೆಗೆದಿಟ್ಟು ಮರುಕಸಿ ಮಾಡಿದ ಅಂಗಾಂಶದಿಂದ ಮಗು ಹುಟ್ಟಿದ ಸುದ್ದಿ ಬೆಲ್ಜಿಯಂನಿಂದ ಬಂದದ್ದು 2004ರಲ್ಲಿ. ರಕ್ತದ ಕ್ಯಾನ್ಸರ್ ಇದ್ದವರಿಗೆ ಮಾತ್ರ ಎಚ್ಚರ ಬೇಕು, ಆ ತುಣುಕಿನಲ್ಲೇ ಕ್ಯಾನ್ಸರ್ ಕೋಶಗಳಿರಬಹುದು. ಕೀಮೋ ನಡೆಯುವಾಗ ಅಂಡಾಶಯವನ್ನು ‘ಮಲಗಿಸುವ’ ಇಂಜೆಕ್ಷನ್ನೂ ಇದೆ. ಸ್ವಲ್ಪ ಆಸರೆಯಾಗುತ್ತದೆ, ಆದರೆ ಫ್ರೀಜಿಂಗ್‌ಗೆ ಬದಲಿಯಲ್ಲ.

ಇದು ಗ್ಯಾರಂಟಿ ಕಾರ್ಡ್ ಅಲ್ಲ. ಇಟ್ಟ ಪ್ರತಿ ಅಂಡಾಣು ಮಗುವಾಗಲ್ಲ. ಖರ್ಚು ಲಕ್ಷ ದಾಟಬಹುದು, ಮೇಲೆ ಶೇಖರಣೆಯ ಶುಲ್ಕ. ಕೆಲವರ ಕಾಯಿಲೆ ಒಂದು ವಾರವೂ ಪುರಸೊತ್ತು ಕೊಡಲ್ಲ. ಅಂಥವರಿಗೆ ಚಿಕಿತ್ಸೆಯೇ ಮೊದಲು.

ನಾನೀಗ ಹಾರ್ಮೋನ್ ಮಾತ್ರೆಯ ಎರಡನೇ ವರ್ಷದಲ್ಲಿದ್ದೇನೆ. ನನ್ನಂಥವರು 18ರಿಂದ 30 ತಿಂಗಳು ಮಾತ್ರೆ ತೆಗೆದುಕೊಂಡು, ನಂತರ ಗರ್ಭಕ್ಕಾಗಿ ಎರಡು ವರ್ಷದವರೆಗೆ ನಿಲ್ಲಿಸಿದರೆ ಏನಾಗುತ್ತದೆ ಅಂತ ‘ಪಾಸಿಟಿವ್’ ಎಂಬ ಅಂತರರಾಷ್ಟ್ರೀಯ ಅಧ್ಯಯನ ನೋಡಿದೆ. ಮೊದಲ ಕೆಲವು ವರ್ಷಗಳಲ್ಲಿ ಕ್ಯಾನ್ಸರ್ ಮರುಕಳಿಸುವುದು ಹೆಚ್ಚಾಗಿಲ್ಲ ಎಂದು 2023ರಲ್ಲಿ ಪ್ರಕಟವಾದ ಅದರ ಫಲಿತಾಂಶ ಹೇಳುತ್ತದೆ. ನನಗೆ ಮಗು ಬೇಕೋ ಬೇಡವೋ ಇನ್ನೂ ಗೊತ್ತಿಲ್ಲ. ಆ ತೀರ್ಮಾನ ನನ್ನ ಕೈಯಲ್ಲೇ ಉಳಿದಿದೆ ಅನ್ನೋದೇ ನೆಮ್ಮದಿ.

ನಿಮ್ಮ ಅಕ್ಕನಿಗೋ ಗೆಳತಿಗೋ ಈ ಕಾಯಿಲೆ ಬಂದರೆ, ಮೊದಲ ಕೀಮೋಗೆ ಮುಂಚೆ ಅವಳ ಜೊತೆ ಹೋಗಿ. ಅವಳಿಗೆ ಬಾಯಿ ಬರದಿದ್ದರೆ ಅವಳನ್ನು ಕೇಳಿಕೊಂಡು ನೀವೇ ಕೇಳಿ: “ಡಾಕ್ಟ್ರೇ, ಈ ಚಿಕಿತ್ಸೆಯಿಂದ ಮುಂದೆ ಮಕ್ಕಳಾಗೋಕೆ ತೊಂದರೆ ಆಗುತ್ತಾ? ಈಗಲೇ ಏನಾದರೂ ಮಾಡಬಹುದಾ?”